ರಜೆಯಲ್ಲಿ ಕಳೆದುಹೋಗುವ ಒಂದು ದಿನಾಚರಣೆ

ಶಾಲೆಯ ವರ್ಷವೆಂಬುದು ದಿನಾಚರಣೆಗಳನ್ನು ಪೋಣಿಸಿದ ಒಂದು ಮಾಲೆ. ಜೂನ್ 5ರ ಪರಿಸರ ದಿನದಿಂದ ಮೊದಲುಗೊಂಡು ಸ್ವಾತಂತ್ರ್ಯೋತ್ಸವ, ಶಿಕ್ಷಕರ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಮಕ್ಕಳ ದಿನ, ಗಣರಾಜ್ಯೋತ್ಸವಗಳವರೆಗೆ ಒಂದಾದ ಮೇಲೊಂದು ಬರುತ್ತವೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ತೂಗುಹಾಕಿದ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಇವೆಲ್ಲವೂ ಕೆಂಪು ಮಸಿಯಲ್ಲಿ ಬರೆಯಲ್ಪಟ್ಟಿರುತ್ತವೆ. ಆ ಪಟ್ಟಿಯಲ್ಲಿ ಅಕ್ಟೋಬರ್ 24ರ ಎದುರಿಗೆ 'ವಿಶ್ವಸಂಸ್ಥೆಯ ದಿನ' ಎಂದು ಬರೆಯುವುದು ವಾಡಿಕೆ. ಆದರೆ ನಾನು ಸೇವೆಯಲ್ಲಿದ್ದ ಹೆಚ್ಚಿನ ವರ್ಷಗಳಲ್ಲಿ ಆ ದಿನ ದಸರಾ ರಜೆಯೊಳಗೆ ಬೀಳುತ್ತಿತ್ತು. ಇಲ್ಲವೇ ದೀಪಾವಳಿಯ ಸಡಗರದಲ್ಲಿ ಕರಗಿಹೋಗುತ್ತಿತ್ತು. ಹೀಗಾಗಿ ಭಾಷಣವಿಲ್ಲ, ಪ್ರಬಂಧ ಸ್ಪರ್ಧೆಯಿಲ್ಲ, ಸಿಹಿ ಹಂಚಿಕೆಯಂತೂ ಇಲ್ಲವೇ ಇಲ್ಲ. ಹೇಳುವವರು ಕೇಳುವವರು ಇಲ್ಲದ ಅನಾಥ ದಿನಾಚರಣೆಯೆಂದರೆ ಇದೇ.

ಸಮಾಜ ವಿಜ್ಞಾನದ ಅಧ್ಯಾಪಕನಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಈ ಸಂಸ್ಥೆಯ ಪಾಠವನ್ನು ಬೋಧಿಸಿದ ನನಗೆ ಆ ದಿನದ ಬಗೆಗೆ ಒಂದು ವಿಶೇಷ ಮಮತೆ ಉಂಟು. ನಿವೃತ್ತನಾದ ಮೇಲೆ ಆ ಮಮತೆ ಕಡಿಮೆಯಾಗುವುದಕ್ಕೆ ಬದಲು ಹೆಚ್ಚಿದೆ. 2025ಕ್ಕೆ ಆ ಸಂಸ್ಥೆಗೆ ಎಂಬತ್ತು ವರ್ಷ ತುಂಬಿತು. ನಮ್ಮ ಪರಂಪರೆಯಲ್ಲಿ ಆ ವಯಸ್ಸಿಗೆ ಸಹಸ್ರ ಚಂದ್ರದರ್ಶನ ಶಾಂತಿ ಮಾಡುತ್ತಾರೆ. ಆದರೆ ಈ ಹಿರಿಯ ಸಂಸ್ಥೆಯ ಹೆಸರೆತ್ತಿದರೆ ಇಂದು ಕೇಳಿಬರುವುದು ಹರಕೆಯಲ್ಲ, ಕುಹಕ. "ಅದರಿಂದ ಏನಾಗಿದೆ? ಯಾವ ಯುದ್ಧ ನಿಂತಿದೆ?" ಎಂದು ಸಂಜೆಯ ವಾಯುವಿಹಾರದ ಗೆಳೆಯರೂ ಕೇಳುತ್ತಾರೆ. ಈ ಪ್ರಶ್ನೆ ನನಗೆ ಹೊಸದಲ್ಲ. ಇದನ್ನು ನನಗೆ ಮೊದಲು ಕೇಳಿದವನು ಹದಿನೈದು ವರ್ಷದ ಒಬ್ಬ ಹುಡುಗ. ಆ ವಿಷಯಕ್ಕೆ ಬರುವ ಮುನ್ನ ದಿನದ ಹಿನ್ನೆಲೆಯನ್ನು ಸ್ವಲ್ಪ ನೋಡೋಣ.

ಎರಡನೆಯ ಮಹಾಯುದ್ಧ ಇನ್ನೂ ಪೂರ್ಣ ಮುಗಿದಿರಲಿಲ್ಲ. 1945ರ ಏಪ್ರಿಲ್ 25ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ರಾಷ್ಟ್ರಗಳ ಸಮ್ಮೇಳನ ಆರಂಭವಾಯಿತು. ಎರಡು ತಿಂಗಳ ಚರ್ಚೆಯ ನಂತರ ಜೂನ್ 26ರಂದು 50 ರಾಷ್ಟ್ರಗಳು ಸನ್ನದಿಗೆ ಸಹಿ ಹಾಕಿದವು. ಆಕ್ರಮಣಕ್ಕೆ ಮೊದಲು ತುತ್ತಾದ ದೇಶವೆಂಬ ಕಾರಣಕ್ಕೆ ಮೊದಲ ಸಹಿಯ ಗೌರವ ಚೀನಾಕ್ಕೆ ಸಂದಿತು. ಸಮ್ಮೇಳನಕ್ಕೆ ಬರಲಾಗದಿದ್ದ ಪೋಲೆಂಡ್ ತರುವಾಯ ಸಹಿ ಹಾಕಿ 51ನೆಯ ಸ್ಥಾಪಕ ಸದಸ್ಯನಾಯಿತು. ಹಾಗಿದ್ದರೆ ಹುಟ್ಟುಹಬ್ಬ ಜೂನ್ 26 ಆಗಬೇಕಿತ್ತಲ್ಲವೇ? ಆಗಲಿಲ್ಲ. ಸಹಿ ಹಾಕಿದ ಪ್ರತಿನಿಧಿಗಳು ತಮ್ಮ ತಮ್ಮ ದೇಶಗಳಿಗೆ ಹಿಂದಿರುಗಿ, ಅಲ್ಲಿಯ ಸರ್ಕಾರಗಳಿಂದ ಅದಕ್ಕೆ ಅನುಮೋದನೆ ಪಡೆಯಬೇಕಿತ್ತು. ಐದು ಪ್ರಬಲ ರಾಷ್ಟ್ರಗಳೂ ಉಳಿದವುಗಳಲ್ಲಿ ಬಹುಪಾಲೂ ಅನುಮೋದನೆಯನ್ನು ಒಪ್ಪಿಸಿದ ದಿನ ಅಕ್ಟೋಬರ್ 24. ಅಂದಿನಿಂದ ಸನ್ನದು ಜಾರಿಗೆ ಬಂದಿತು. ನಿಶ್ಚಿತಾರ್ಥದ ದಿನವನ್ನಲ್ಲ, ಧಾರೆಯ ದಿನವನ್ನು ನೆನೆಯುವ ಹಾಗೆ, ಮಾತು ಕೊಟ್ಟ ದಿನವನ್ನಲ್ಲ, ಮಾತು ಉಳಿಸಿಕೊಂಡ ದಿನವನ್ನು ಅವರು ಆಯ್ದುಕೊಂಡರು. 1947ರಲ್ಲಿ ಮಹಾಸಭೆ ಈ ದಿನವನ್ನು ಘೋಷಿಸಿತು, 1948ರಿಂದ ಆಚರಣೆ ನಡೆದುಬಂದಿದೆ. 1971ರಲ್ಲಿ ಎಲ್ಲ ಸದಸ್ಯ ರಾಷ್ಟ್ರಗಳೂ ಇದನ್ನು ಸಾರ್ವಜನಿಕ ರಜಾದಿನವಾಗಿ ಆಚರಿಸಲೆಂದು ಮಹಾಸಭೆ ಶಿಫಾರಸು ಮಾಡಿತು. ನಮ್ಮ ಶಾಲೆಗಳ ಮಟ್ಟಿಗೆ ಆ ಶಿಫಾರಸು ತಾನಾಗಿಯೇ ಜಾರಿಯಾಗಿತ್ತು ಎನ್ನಬಹುದು!

ಪಠ್ಯಪುಸ್ತಕದಲ್ಲಿ ಈ ಪಾಠ ಬರುತ್ತಿದ್ದುದು ವರ್ಷದ ಕೊನೆಗೆ. ಪರೀಕ್ಷೆಯ ದೃಷ್ಟಿಯಿಂದ ಅದು ಸುಲಭದ ಪಾಠ. ಕೇಂದ್ರ ಕಚೇರಿ ಎಲ್ಲಿದೆ, ನ್ಯಾಯಾಲಯ ಎಲ್ಲಿದೆ, ನ್ಯಾಯಾಧೀಶರು ಎಷ್ಟು ಮಂದಿ: ಇವೆಲ್ಲ ಒಂದು ಅಂಕದ ಪ್ರಶ್ನೆಗಳು. ಸಾಮಾನ್ಯ ಸಭೆ, ಭದ್ರತಾ ಮಂಡಳಿ, ಆರ್ಥಿಕ ಮತ್ತು ಸಾಮಾಜಿಕ ಸಮಿತಿ, ಧರ್ಮದರ್ಶಿ ಸಮಿತಿ, ಅಂತರರಾಷ್ಟ್ರೀಯ ನ್ಯಾಯಾಲಯ, ಸಚಿವಾಲಯ ಎಂಬ ಆರು ಅಂಗಗಳನ್ನು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಇವುಗಳಲ್ಲಿ ಧರ್ಮದರ್ಶಿ ಸಮಿತಿಯ ಕೆಲಸ 1994ರಲ್ಲಿ ಪಲಾವು ಎಂಬ ಪುಟ್ಟ ದ್ವೀಪದೇಶ ಸ್ವತಂತ್ರವಾಗುವುದರೊಂದಿಗೆ ಮುಗಿಯಿತು. ಪರಾಧೀನ ನೆಲಗಳನ್ನು ಸ್ವಾತಂತ್ರ್ಯಕ್ಕೆ ಸಿದ್ಧಗೊಳಿಸಲೆಂದು ಹುಟ್ಟಿದ ಸಮಿತಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಒಂದು ಸಮಿತಿಗೆ ಇದಕ್ಕಿಂತ ಉತ್ತಮವಾದ ಮುಕ್ತಾಯವುಂಟೇ ಎಂದು ನಾನು ಕೇಳಿದರೆ ಮಕ್ಕಳು ನಗುತ್ತಿದ್ದರು.

ಬಾಯಿಪಾಠದಿಂದ ಅವರನ್ನು ಹೊರಗೆ ತರಲು ನಾನು ಲಾಂಛನದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಎರಡು ಆಲಿವ್ ಕೊಂಬೆಗಳ ನಡುವೆ ಭೂಪಟ. ಗೋಡೆಯ ಭೂಪಟವನ್ನು ನೋಡಿ ಅಭ್ಯಾಸವಾದ ಮಕ್ಕಳಿಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ಏಕೆಂದರೆ ಅದರಲ್ಲಿ ಉತ್ತರ ಧ್ರುವವೇ ನಡುಬಿಂದು. ಸುತ್ತಲೂ ಐದು ವೃತ್ತಗಳಲ್ಲಿ ಖಂಡಗಳು ಹೂವಿನ ಎಸಳುಗಳಂತೆ ಹರಡಿಕೊಂಡಿವೆ. ನಮ್ಮ ಭಾರತ ಬಲಗಡೆಗೆ ಸರಿದಿರುತ್ತದೆ. "ಸರ್, ಇದರಲ್ಲಿ ಯಾವ ದೇಶ ಮೇಲೆ, ಯಾವ ದೇಶ ಕೆಳಗೆ?" ಎಂದು ಒಬ್ಬಳು ಕೇಳಿದ್ದಳು. ಅವಳ ಪ್ರಶ್ನೆಯೊಳಗೇ ಉತ್ತರವಿತ್ತು. ಯಾವ ದೇಶವೂ ನಟ್ಟನಡುವೆ ಕುಳಿತುಕೊಳ್ಳದಂತೆ, ಯಾರೂ ವಾಸಿಸದ ಹಿಮದ ಬಿಂದುವನ್ನು ಕೇಂದ್ರವಾಗಿಸಿಕೊಂಡ ಭೂಪಟವದು. ದಕ್ಷಿಣಕ್ಕೆ 60 ಡಿಗ್ರಿ ಅಕ್ಷಾಂಶದಲ್ಲಿ ಅದು ನಿಂತುಬಿಡುವುದರಿಂದ ಅಂಟಾರ್ಕ್ಟಿಕಾ ಮಾತ್ರ ಕಾಣುವುದಿಲ್ಲ. ಈ ಲಾಂಛನವನ್ನು 1946ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದರು.

ಇನ್ನು ಆ ಹುಡುಗನ ಪ್ರಶ್ನೆ. 1994ನೆಯ ಇಸವಿ. ಆ ವರ್ಷ ಏಪ್ರಿಲ್‌ನಿಂದ ಜುಲೈವರೆಗೆ ಆಫ್ರಿಕದ ರುವಾಂಡಾದಲ್ಲಿ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಹತರಾದರು. ಅಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಮೊದಲೇ ಇತ್ತು. ಕೊಲೆ ಆರಂಭವಾದ ಮೇಲೆ ಭದ್ರತಾ ಮಂಡಳಿ ಮಾಡಿದ್ದೇನು? ಸುಮಾರು 2,500 ಮಂದಿಯಿದ್ದ ಪಡೆಯನ್ನು 270ಕ್ಕೆ ಇಳಿಸುವ ತೀರ್ಮಾನ. ನಮ್ಮ ಶಾಲೆಗೆ ಬರುತ್ತಿದ್ದ ಒಂದೇ ದಿನಪತ್ರಿಕೆಯನ್ನು ಬಿಡುವಿನ ವೇಳೆಯಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದ ಒಬ್ಬ ರೈತರ ಮಗನಿದ್ದ. ಪಾಠ ಮುಗಿಸಿ 'ಅಂತರರಾಷ್ಟ್ರೀಯ ಶಾಂತಿ ಮತ್ತು ಭದ್ರತೆಯನ್ನು ಕಾಪಾಡುವುದು' ಎಂಬ ಮೊದಲ ಧ್ಯೇಯವನ್ನು ನಾನು ಹಲಗೆಯ ಮೇಲೆ ಬರೆಯುತ್ತಿದ್ದಾಗ ಅವನು ಎದ್ದುನಿಂತ. "ಸರ್, ಕಾಯೋಕೆ ಹೋದವರೇ ವಾಪಸ್ ಬಂದ್ಬಿಟ್ರೆ ಆ ಸಂಸ್ಥೆ ಇದ್ದು ಏನ್ ಸರ್ ಪ್ರಯೋಜನ?" ಎಂದ. ತರಗತಿ ನಿಶ್ಶಬ್ದವಾಯಿತು. ಅವನ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ, ಮೋಸಹೋದವನ ನೋವಿತ್ತು.

ನಾನು ಹಲಗೆಯನ್ನು ಒರೆಸಿ ನಡುವೆ ಒಂದು ಗೆರೆ ಎಳೆದೆ. ಎಡಗಡೆ 'ಆಗದೆ ಹೋದದ್ದು', ಬಲಗಡೆ 'ಆದದ್ದು' ಎಂದು ಬರೆದು, ಅವನನ್ನೇ ಕರೆದು ಎಡಗಡೆಯ ಮೊದಲ ಸಾಲಿನಲ್ಲಿ ರುವಾಂಡಾದ ಹೆಸರನ್ನು ಬರೆಯಿಸಿದೆ. ಬಲಗಡೆ ತುಂಬಲು ಇಡೀ ತರಗತಿಗೆ ಒಂದು ವಾರದ ಗಡುವು ಕೊಟ್ಟೆ. ಅಂದಿನಿಂದ ನಿವೃತ್ತನಾಗುವವರೆಗೆ ಪ್ರತಿ ವರ್ಷವೂ ಆ ಪಾಠಕ್ಕೆ ಈ ಗೆರೆ ಬಂತು. ಪಟ್ಟಿ ಬರೆಯುವ ಮಕ್ಕಳು ಬದಲಾದರು, ಪಟ್ಟಿ ಬೆಳೆಯಿತು.

ಎಡಗಡೆಯ ಪಟ್ಟಿಯನ್ನು ಮುಚ್ಚಿಡಬಾರದೆಂಬುದು ನನ್ನ ನಿಲುವು. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣ ವಿಶ್ವಸಂಸ್ಥೆಯೇ 'ಸುರಕ್ಷಿತ ಪ್ರದೇಶ'ವೆಂದು ಸಾರಿದ್ದ ನೆಲ. ಅಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರನ್ನು ಕೊಂದರು. 2003ರಲ್ಲಿ ಭದ್ರತಾ ಮಂಡಳಿಯ ಸ್ಪಷ್ಟ ಒಪ್ಪಿಗೆಯಿಲ್ಲದೆಯೇ ಇರಾಕ್ ಮೇಲೆ ಯುದ್ಧ ನಡೆಯಿತು. ನಾನು ನಿವೃತ್ತನಾದ ಮೇಲೂ ಆ ಪಟ್ಟಿ ನಿಂತಿಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಆ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷತೆ ರಷ್ಯಾದ್ದೇ ಆಗಿತ್ತು. ಖಂಡನೆಯ ಠರಾವನ್ನು ತನ್ನ ನಿಷೇಧಾಧಿಕಾರದಿಂದ ಅದೇ ತಡೆಯಿತು. 2023 ಮತ್ತು 2024ರಲ್ಲಿ ಗಾಜಾದಲ್ಲಿ ಕದನವಿರಾಮ ಕೋರಿದ ಠರಾವುಗಳನ್ನು ಅಮೆರಿಕ ಅದೇ ಅಧಿಕಾರದಿಂದ ತಡೆಯಿತು. 'ವಿಟೋ' ಎಂಬ ಈ ಎರಡಕ್ಷರದ ಪದವನ್ನು ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ, ಸಮರ್ಥಿಸುವುದು ಕಷ್ಟ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಅವರಿಗೆ ಗೊತ್ತು. ಹಿಂದೆ 1920ರಲ್ಲಿ ಹುಟ್ಟಿದ ರಾಷ್ಟ್ರ ಸಂಘಕ್ಕೆ ಅಮೆರಿಕ ಸೇರಲೇ ಇಲ್ಲ, ಜಪಾನ್ ಜರ್ಮನಿಗಳು ಮುನಿಸಿಕೊಂಡು ಹೊರನಡೆದವು, ಸಂಘ ಕುಸಿಯಿತು. ಪ್ರಬಲರನ್ನು ಮನೆಯೊಳಗೇ ಉಳಿಸಿಕೊಳ್ಳಲು 1945ರಲ್ಲಿ ತೆತ್ತ ಬೆಲೆ ಈ ವಿಟೋ. ಬೆಲೆ ದುಬಾರಿಯಾಯಿತೆಂಬುದರಲ್ಲಿ ಎರಡು ಮಾತಿಲ್ಲ.

ಇನ್ನು ಬಲಗಡೆ. ಅಲ್ಲಿ ಪ್ರತಿ ವರ್ಷವೂ ಮೊದಲ ಸಾಲಿನಲ್ಲಿ ಒಂದೇ ಪದ ಬರುತ್ತಿತ್ತು: ಸಿಡುಬು. ಅದನ್ನು ಬರೆಯಿಸುತ್ತಿದ್ದವನು ನಾನೇ, ಏಕೆಂದರೆ ಮಕ್ಕಳಿಗೆ ಆ ಕಾಯಿಲೆಯ ಹೆಸರೇ ತಿಳಿದಿರಲಿಲ್ಲ. ತಿಳಿಯದಿರುವುದೇ ಆ ಸಾಲಿನ ಅರ್ಥವೆಂದು ನಾನು ಹೇಳಬೇಕಾಗುತ್ತಿತ್ತು.

ನಮ್ಮ ಮನೆಯಲ್ಲಿ ನನ್ನ ಸೋದರತ್ತೆಯೊಬ್ಬರಿದ್ದರು. ಏಳನೆಯ ವಯಸ್ಸಿನಲ್ಲಿ ಅವರಿಗೆ ಸಿಡುಬು ಬಂದು ಎಡಗಣ್ಣು ಹೋಗಿತ್ತು, ಮುಖದ ತುಂಬ ಕಲೆಗಳು ನಿಂತಿದ್ದವು. ಅದೇ ಹದಿನೈದು ದಿನಗಳಲ್ಲಿ ಅವರ ತಮ್ಮನೊಬ್ಬ ತೀರಿಕೊಂಡನಂತೆ. ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರನ್ನು ಎತ್ತುತ್ತಿರಲಿಲ್ಲ. 'ಅಮ್ಮ ಬಂದದ್ದು' ಎನ್ನುತ್ತಿದ್ದರು. ದೇವಿಯ ಮುನಿಸೆಂದು ನಂಬಿ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಹಾಕದೆ, ತಣ್ಣನೆಯ ಎಡೆ ಇಟ್ಟು ಕಾಯುವುದಷ್ಟೇ ಅಂದಿನವರು ಬಲ್ಲ ಚಿಕಿತ್ಸೆ. ಅತ್ತೆಗೆ ಮದುವೆಯಾಗಲಿಲ್ಲ. ನೋಡಲು ಬಂದವರು ಕಾಫಿ ಕುಡಿದು ಎದ್ದುಹೋಗುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ನನಗೂ ನನ್ನ ತಂಗಿಯರಿಗೂ ಎಣ್ಣೆ ಹಚ್ಚಿ ನೀರೆರೆದವರು, ಮಗ್ಗಿ ಕಲಿಸಿದವರು, ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತವರು ಆ ಒಂಟಿಕಣ್ಣಿನ ಅತ್ತೆಯೇ. ದಾಕು ಹಾಕುವವರು ಊರಿಗೆ ಬಂದಾಗ ಉಳಿದ ಮನೆಗಳವರು ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದರೆ, ನಮ್ಮನ್ನು ಕೈಹಿಡಿದು ಎಳೆದೊಯ್ದು ಸಾಲಿನ ಮೊದಲಿಗೆ ನಿಲ್ಲಿಸುತ್ತಿದ್ದವರೂ ಅವರೇ.

ಆ ದಾಕು ಹಾಕುವವನ ಹಿಂದೆ ಎಷ್ಟು ದೊಡ್ಡ ಪ್ರಪಂಚ ನಿಂತಿತ್ತೆಂಬುದು ಬಹಳ ವರ್ಷಗಳ ತರುವಾಯ ಓದಿನಿಂದ ತಿಳಿಯಿತು. ಸಿಡುಬನ್ನು ಭೂಮಿಯಿಂದಲೇ ತೊಡೆದುಹಾಕೋಣವೆಂದು 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಸೂಚಿಸಿದವರು ಸೋವಿಯತ್ ದೇಶದ ವಿಕ್ಟರ್ ಝ್ದಾನೊವ್. 1967ರಲ್ಲಿ ತೀವ್ರ ಕಾರ್ಯಕ್ರಮ ಆರಂಭವಾದಾಗ ಅದರ ನೇತೃತ್ವ ವಹಿಸಿದವರು ಅಮೆರಿಕದ ವೈದ್ಯ ಡಿ.ಎ. ಹೆಂಡರ್ಸನ್. ಆಗ ಆ ಎರಡು ದೇಶಗಳು ಪರಸ್ಪರರತ್ತ ಅಣ್ವಸ್ತ್ರಗಳನ್ನು ಗುರಿಯಿಟ್ಟು ನಿಂತಿದ್ದವು. ಆದರೂ ಬಿಸಿಲಿಗೆ ಕೆಡದ ಒಣಲಸಿಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಸೋವಿಯತ್ ದೇಶದಿಂದ. ಹನಿ ಲಸಿಕೆಯನ್ನು ಹಿಡಿದು ಚುಚ್ಚುವ ಕವಲು ತುದಿಯ ಸೂಜಿ ಅಮೆರಿಕದ್ದು. ಮನೆಮನೆಯ ಬಾಗಿಲು ತಟ್ಟಿದ ಕೈಗಳು ನಮ್ಮವರವು. 1974ರಲ್ಲಿ ಬಿಹಾರವೇ ಮೊದಲಾದ ಕಡೆ ಸಿಡುಬು ಉಲ್ಬಣಿಸಿ 15,000ಕ್ಕೂ ಹೆಚ್ಚು ಜನ ಸತ್ತರು. ಎಲ್ಲರಿಗೂ ಲಸಿಕೆ ಹಾಕುವುದಕ್ಕಿಂತ, ರೋಗಿ ಸಿಕ್ಕ ಕೂಡಲೇ ಅವನ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ರೋಗವನ್ನು ಕಟ್ಟಿಹಾಕುವ ಉಪಾಯ ಫಲಿಸಿತು. ಸಿಡುಬಿನ ಸುದ್ದಿ ತಂದವರಿಗೆ ಬಹುಮಾನವೆಂದು ಸಾರಿದರು. 1975ರ ಹೊತ್ತಿಗೆ ಅದು 1,000 ರೂಪಾಯಿಗೆ ಏರಿತು. ಅಂದಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

1975ರ ಮೇ ತಿಂಗಳಲ್ಲಿ ಅಸ್ಸಾಮಿನಲ್ಲಿ ಭಾರತದ ಕೊನೆಯ ಪ್ರಕರಣ ಕಂಡಿತು. ಸಹಜವಾಗಿ ಸಿಡುಬು ತಗುಲಿದ ಜಗತ್ತಿನ ಕೊನೆಯ ಮನುಷ್ಯ ಸೊಮಾಲಿಯಾದ ಮೆರ್ಕಾ ಪಟ್ಟಣದ ಆಸ್ಪತ್ರೆಯ ಅಡುಗೆಯವ, ಅಲಿ ಮಾವ್ ಮಾಲಿನ್. ಅದು 1977ರ ಅಕ್ಟೋಬರ್. ಅವನು ಬದುಕಿ ಉಳಿದ. ಮುಂದೆ ಪೋಲಿಯೋ ಲಸಿಕೆಯ ಕೆಲಸಕ್ಕೆ ಸೇರಿ, ಲಸಿಕೆಗೆ ಹಿಂಜರಿಯುವವರಿಗೆ ತನ್ನ ಕತೆಯನ್ನೇ ಹೇಳಿ ಒಪ್ಪಿಸುತ್ತಿದ್ದ. ಆ ಕೆಲಸದಲ್ಲಿದ್ದಾಗಲೇ 2013ರಲ್ಲಿ ಮಲೇರಿಯಾದಿಂದ ತೀರಿಕೊಂಡ.

1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ನಿರ್ಮೂಲವಾಯಿತೆಂದು ಘೋಷಿಸಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಅತ್ತೆಗೆ ಹೇಳಿದವನು ನಾನು. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಿ ಕೇಳಿದರು:

"ಇನ್ಮೇಲೆ ಯಾರಿಗೂ ಬರೋಲ್ವೇನೋ?"

"ಯಾರಿಗೂ ಬರೋಲ್ಲ ಅತ್ತೆ."

"ಯಾವ ಸೀಮೆಲೂ?"

"ಯಾವ ಸೀಮೆಲೂ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಪ್ಪಾ ಮಾಡಿದೋರು ಇದನ್ನ? ಅವರ ಹೊಟ್ಟೆ ತಣ್ಣಗಿರಲಿ" ಎಂದು ಮತ್ತೆ ಮೊರಕ್ಕೆ ಬಾಗಿದರು.

ಯಾರು ಮಾಡಿದರೆಂಬ ಪ್ರಶ್ನೆಗೆ ಒಂದು ಹೆಸರು ಸಿಕ್ಕುವುದಿಲ್ಲ. ವಿಶ್ವಸಂಸ್ಥೆಯ ದಿನವನ್ನು ಜನ ಮರೆಯಲು ಇದೂ ಒಂದು ಕಾರಣವಿರಬೇಕು. ಒಬ್ಬ ವೀರನಿದ್ದರೆ ಅವನ ಜಯಂತಿ ಮಾಡಬಹುದು, ಪ್ರತಿಮೆ ನಿಲ್ಲಿಸಬಹುದು. ಲಕ್ಷಾಂತರ ಜನ ಸೇರಿ ಮಾಡಿದ ಕೆಲಸಕ್ಕೆ ಯಾವ ಮುಖವಿದೆ? ಅದರಲ್ಲಿಯೂ, ಆಗಬಹುದಾಗಿದ್ದ ಕೆಡುಕು ಆಗದೆ ಹೋದಾಗ ಅದು ಸುದ್ದಿಯೇ ಅಲ್ಲ. ಸತ್ತವರನ್ನು ಎಣಿಸಬಹುದು, ಸಾಯದೆ ಉಳಿದವರನ್ನು ಯಾರು ಎಣಿಸುತ್ತಾರೆ?

ನಮ್ಮ ಹಳೆಯ ಕೆರೆಗಳ ವ್ಯವಸ್ಥೆಯಲ್ಲಿ ನೀರುಗಂಟಿ ಎಂಬವನಿರುತ್ತಿದ್ದ. ಊರಿನ ಜಗಳ ಬಿಡಿಸುವ ಅಧಿಕಾರ ಅವನಿಗಿಲ್ಲ. ಗೌಡರ ಮನೆತನಗಳು ಬಡಿದಾಡಿದರೆ ಅವನು ದೂರ ನಿಲ್ಲಬೇಕಾದವನೇ. ಆದರೆ ತೂಬೆತ್ತಿ, ಪಾಳಿಯ ಪ್ರಕಾರ ಕಾಲುವೆಯಲ್ಲಿ ನೀರು ಹರಿಸಿ, ಕೊನೆಯ ಗದ್ದೆಗೂ ನೀರು ಮುಟ್ಟುವಂತೆ ನೋಡಿಕೊಳ್ಳುತ್ತಿದ್ದವನು ಅವನು. ಜಗಳವಾಡಿದ ಇಬ್ಬರ ಗದ್ದೆಗೂ ಅವನೇ ನೀರು ಬಿಡಬೇಕು. ಭದ್ರತಾ ಮಂಡಳಿ ಊರಗೌಡರ ಚಾವಡಿಯಾದರೆ, ಅದರ ಹಿಂದೆ ದುಡಿಯುವ ನೂರಾರು ಸಂಸ್ಥೆಗಳು ನೀರುಗಂಟಿಗಳು. ಚಾವಡಿಯ ಕೂಗಾಟ ಊರಿಗೆಲ್ಲ ಕೇಳಿಸುತ್ತದೆ, ಕಾಲುವೆಯ ನೀರಿನ ಸದ್ದು ಕೇಳಿಸುವುದಿಲ್ಲ. ಮಕ್ಕಳಿಗೆ ಈ ಹೋಲಿಕೆಯನ್ನು ಹೇಳಿದ ಮೇಲೆ ಬಲಗಡೆಯ ಪಟ್ಟಿ ಬೇಗ ತುಂಬುತ್ತಿತ್ತು.

ಒಬ್ಬ ಅಂಚೆಯವರ ಮಗಳು ಅಂಚೆಯನ್ನು ಬರೆಯಿಸಿದಳು. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಮಾಡಿಕೊಂಡ ಅಂಚೆಯ ಒಕ್ಕೂಟಕ್ಕೆ ಭಾರತ 1876ರಲ್ಲಿಯೇ ಸೇರಿತು. ನಮ್ಮೂರಿನ ಅಂಚೆಚೀಟಿ ಹಚ್ಚಿದ ಕಾಗದವನ್ನು ಬೇರೆ ದೇಶದ ಅಂಚೆಯವನು ಮತ್ತೆ ಹಣ ಕೇಳದೆ ಬಾಗಿಲಿಗೆ ತಂದುಕೊಡುವುದು ಆ ಒಪ್ಪಂದದಿಂದ. 1948ರಿಂದ ಅದು ವಿಶ್ವಸಂಸ್ಥೆಯ ವಿಶೇಷ ಅಂಗ. ವಿಜ್ಞಾನದಲ್ಲಿ ಚುರುಕಾಗಿದ್ದ ಮತ್ತೊಬ್ಬ ಓಝೋನ್ ಪದರವನ್ನು ಸೇರಿಸಿದ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ 2009ರ ಹೊತ್ತಿಗೆ ಜಗತ್ತಿನ ಸಕಲ ದೇಶಗಳೂ ಬದ್ಧವಾದವು. ಪೋಲಿಯೋವಂತೂ ಅವರ ಕಣ್ಣೆದುರಿನದು. ಪಲ್ಸ್ ಪೋಲಿಯೋದ ಭಾನುವಾರಗಳಂದು ನಮ್ಮ ಶಾಲೆಯ ಜಗುಲಿಯೇ ಬೂತ್ ಆಗುತ್ತಿತ್ತು. ಭಾರತದ ಕೊನೆಯ ಪೋಲಿಯೋ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ.

ಈ ಸಂಸ್ಥೆ ಎಲ್ಲಿಯೋ ದೂರದ ನ್ಯೂಯಾರ್ಕಿನದೆಂದು ಭಾವಿಸುವವರಿಗೆ ನಮ್ಮ ನಾಡಿನ ನಂಟನ್ನೂ ಹೇಳಬೇಕು. 1945ರಲ್ಲಿ ಭಾರತ ಇನ್ನೂ ಬ್ರಿಟಿಷರ ಅಧೀನವಾಗಿದ್ದರೂ ಸ್ಥಾಪಕ ಸದಸ್ಯನಾಗಿತ್ತು. ಪರಾಧೀನ ದೇಶದ ಆ ನಿಯೋಗ ಜನರ ಪ್ರತಿನಿಧಿಯಲ್ಲವೆಂದು ಪ್ರತಿಭಟಿಸಲು ವಿಜಯಲಕ್ಷ್ಮಿ ಪಂಡಿತರು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದರು. ಎಂಟೇ ವರ್ಷಗಳಲ್ಲಿ, 1953ರಲ್ಲಿ, ಅದೇ ಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರಾದ ಮೊದಲ ಮಹಿಳೆ ಅವರೇ. ಭಾರತದ ಪರವಾಗಿ ಸನ್ನದಿಗೆ ಸಹಿ ಹಾಕಿದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1946ರಲ್ಲಿ ಆರ್ಥಿಕ ಮತ್ತು ಸಾಮಾಜಿಕ ಸಮಿತಿಯ ಪ್ರಥಮ ಅಧ್ಯಕ್ಷರಾದ ಅವರು ಅದೇ ವರ್ಷ ಮೈಸೂರು ಸಂಸ್ಥಾನದ ದಿವಾನರಾಗಿ ಬಂದರು. ಆ ಪರಂಪರೆಯ ಕೊನೆಯ ದಿವಾನರು ಅವರು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರನ್ನು ನಮ್ಮ ಸಂವಿಧಾನ ಸಭೆಯ ಸಲಹೆಗಾರರೆಂದು ಬಲ್ಲೆವು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರು. ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೂ ಆದರು.

ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಕತೆ ಇನ್ನೂ ಹೃದ್ಯವಾದುದು. ಕೊರಿಯಾದ ಕದನವಿರಾಮದ ನಂತರ ಸ್ವದೇಶಕ್ಕೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯವನ್ನು ಇತ್ಯರ್ಥಗೊಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ಅವರೇ ಅಧ್ಯಕ್ಷರು. ಭಾರತದ ಭೂಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ, 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ಗ್ರೀಕರು ಮತ್ತು ತುರ್ಕರ ನಡುವೆ ನಿಂತ ವಿಶ್ವಸಂಸ್ಥೆಯ ಶಾಂತಿಪಡೆಗೆ ದಂಡನಾಯಕರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ, ಕರ್ತವ್ಯದಲ್ಲಿರುವಾಗಲೇ ನಿಧನರಾದರು. ಸೈಪ್ರಸ್ ಸರ್ಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯಲ್ಲಿರುವ ಅವರ 'ಸನ್ನಿಸೈಡ್' ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮಡಿಕೇರಿಗೆ ಹೋಗುವ ಶಾಲಾ ಪ್ರವಾಸಗಳು ರಾಜಾಸೀಟಿನ ಜೊತೆಗೆ ಅದನ್ನೂ ನೋಡಿ ಬರಲಿ ಎಂಬುದು ಇಂದಿನ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ. 1948ರಿಂದೀಚೆಗೆ ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಪ್ರಾಣ ತೆತ್ತವರು 4,000ಕ್ಕೂ ಹೆಚ್ಚು. ಅವರಲ್ಲಿ ಭಾರತೀಯರ ಸಂಖ್ಯೆ ದೊಡ್ಡದು.

ಹಂಸಾ ಮೆಹ್ತಾ ಎಂಬ ಹೆಸರನ್ನು ಹೆಣ್ಣುಮಕ್ಕಳಿಗೆ ತಪ್ಪದೆ ಹೇಳುತ್ತಿದ್ದೆ. 1948ರ ಡಿಸೆಂಬರ್ 10ರಂದು ಅಂಗೀಕೃತವಾದ ಮಾನವ ಹಕ್ಕುಗಳ ಘೋಷಣೆಯ ಕರಡಿನ ಮೊದಲ ವಿಧಿಯಲ್ಲಿ ಇಂಗ್ಲಿಷಿನಲ್ಲಿ 'ಪುರುಷರೆಲ್ಲರೂ' ಎಂದು ಅರ್ಥ ಬರುವಂತಿದ್ದುದನ್ನು ಪಟ್ಟುಹಿಡಿದು 'ಮಾನವರೆಲ್ಲರೂ' ಎಂದು ಬದಲಿಸಿದವರು ಅವರು. ಒಂದು ಪದ ಬದಲಾದರೆ ಏನಾಗುತ್ತದೆ ಎಂದು ಕೇಳುವವರು, ಆ ಪದದಿಂದ ಹೊರಗೆ ಉಳಿದವರನ್ನು ಕೇಳಬೇಕು.

ನಮ್ಮ ರಾಜ್ಯದಲ್ಲಿ 2015ರಿಂದ ಕುವೆಂಪು ಅವರ ಜನ್ಮದಿನವಾದ ಡಿಸೆಂಬರ್ 29ನ್ನು ವಿಶ್ವಮಾನವ ದಿನವೆಂದು ಆಚರಿಸುತ್ತಿದ್ದೇವೆ. ಸಂತೋಷದ ವಿಷಯ. ಅಂದು ಮಕ್ಕಳು ಉತ್ಸಾಹದಿಂದ ಹಾಡುತ್ತಾರೆ, ಭಾಷಣ ಮಾಡುತ್ತಾರೆ. ಆದರೆ ಮನುಕುಲವೆಲ್ಲ ಒಂದೆಂಬ ಭಾವ ಒಂದು ತೂಕವಾದರೆ, ಆ ಒಂದಾದ ಮನೆಯ ಕಸಗುಡಿಸುವ, ಲೆಕ್ಕ ಬರೆಯುವ, ಜಗಳವಾಡಿದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಕೆಲಸ ಇನ್ನೊಂದು ತೂಕ. ಮೊದಲನೆಯದಕ್ಕೆ ಕವಿಗಳು ಬೇಕು, ಎರಡನೆಯದಕ್ಕೆ ತಾಳ್ಮೆಯ ಗುಮಾಸ್ತರು ಬೇಕು. ಡಿಸೆಂಬರ್ 29 ಕನಸಿನ ದಿನವಾದರೆ ಅಕ್ಟೋಬರ್ 24 ದುಡಿಮೆಯ ದಿನ. ಎರಡೂ ಮಕ್ಕಳಿಗೆ ಬೇಕು. ಕನಸನ್ನು ಮಾತ್ರ ಕಲಿಸಿದರೆ, ರುವಾಂಡಾದಂಥ ಒಂದು ಸುದ್ದಿ ಓದಿದ ದಿನ ಮಗುವಿನ ಕನಸು ಒಡೆದುಹೋಗುತ್ತದೆ. ಜಗತ್ತನ್ನು ಕಾಯುವ ಸಂಸ್ಥೆಯೊಂದು ಮೇಲಿನಿಂದ ಇಳಿದುಬಂದದ್ದಲ್ಲ, ತನ್ನ ದೇಶವೂ ಸೇರಿದಂತೆ 193 ದೇಶಗಳ ಬುದ್ಧಿ, ಸ್ವಾರ್ಥ, ಹಣ, ಹಟಗಳಿಂದ ಕಟ್ಟಿದ್ದೆಂದು ತಿಳಿದ ಮಗುವಾದರೋ, ಕೆಟ್ಟರೆ ಕೆಡಿಸಿದವರು ಯಾರೆಂದು ಕೇಳುವ ಧೈರ್ಯ ಪಡೆಯುತ್ತದೆ.

1994ರಲ್ಲಿ ಪ್ರಶ್ನೆ ಕೇಳಿದ ಆ ಹುಡುಗನಿಗೆ ನಾನು ಪೂರ್ಣ ಸಮಾಧಾನ ಹೇಳಿದೆನೆಂದು ಬರೆಯಲಾರೆ. ಅಂಥ ಸಮಾಧಾನ ಇಲ್ಲ. ಒಂದು ವಾರದ ನಂತರ ಬಲಗಡೆಯ ಪಟ್ಟಿಯನ್ನು ನೋಡಿ ಅವನು ಹೇಳಿದ ಮಾತು ಮಾತ್ರ ನೆನಪಿದೆ: "ಸರ್, ಈ ಕಡೆದು ಜಾಸ್ತಿಯಾದ್ರೂ ಆ ಕಡೆದನ್ನ ಅಳಿಸೋಕಾಗಲ್ಲ." ಸತ್ಯವಾದ ಮಾತು. ಎರಡು ಪಟ್ಟಿಗಳನ್ನು ಕೂಡಿ ಕಳೆದು ಉತ್ತರ ತೆಗೆಯುವ ಲೆಕ್ಕ ಇದಲ್ಲ. ಎರಡನ್ನೂ ಒಟ್ಟಿಗೆ ಕಣ್ಣಮುಂದೆ ಇಟ್ಟುಕೊಳ್ಳುವ ಅಭ್ಯಾಸ ಇದು.

ಸೇವೆಯಲ್ಲಿರುವ ಕಿರಿಯ ಮಿತ್ರರಿಗೆ ಕೊನೆಯದಾಗಿ ಒಂದು ಸಲಹೆ. ಅಕ್ಟೋಬರ್ 24 ರಜೆಯಲ್ಲಿ ಬಂದರೆ ಬರಲಿ. ಶಾಲೆ ತೆರೆದ ಮೊದಲ ದಿನ ಪ್ರಾರ್ಥನೆಯ ನಂತರ ಹತ್ತು ನಿಮಿಷ ಅದಕ್ಕೆ ಮೀಸಲಿಡಿ. ಭಾಷಣ ಬೇಡ. ಮನೆಯಲ್ಲಿರುವ ಅಜ್ಜ ಅಜ್ಜಿಯರ ತೋಳನ್ನು ನೋಡಿ ಬರಲು ಮಕ್ಕಳಿಗೆ ಹೇಳಿ. ಅಲ್ಲಿ ಕಾಸಿನಗಲದ, ಸುಕ್ಕುಗಟ್ಟಿದ ಗುರುತುಗಳು ಕಾಣುತ್ತವೆ. ಮಕ್ಕಳ ತೋಳಿನ ಮೇಲಿರುವ ಸಣ್ಣ ಗುರುತು ಬೇರೆ, ಅದು ಕ್ಷಯದ ಬಿ.ಸಿ.ಜಿ. ಲಸಿಕೆಯದು. ಅಜ್ಜನ ತೋಳಿನ ಗುರುತು ಇಂದಿನ ಮಕ್ಕಳಿಗಿಲ್ಲ, ಅವರ ಮಕ್ಕಳಿಗೂ ಬರುವುದಿಲ್ಲ. ಅದು ಏಕೆ ಬೇಕಾಗಿತ್ತು, ಈಗ ಏಕೆ ಬೇಕಾಗಿಲ್ಲ ಎಂದು ಅವರು ಮನೆಯಲ್ಲಿ ಕೇಳಿ ತಿಳಿಯಲಿ. ನನ್ನ ವಯಸ್ಸಿನವರು ತೀರಿಹೋದ ಮೇಲೆ ತೋರಿಸಲು ಆ ಸಾಕ್ಷಿ ಇರುವುದಿಲ್ಲ. ಇರುವಷ್ಟು ದಿನ ಮಕ್ಕಳು ನೋಡಿಕೊಳ್ಳಲಿ.